ಟವೆಲಿನ ಕೆಳಗಿನ ಮಾತು

(ಸಂಕ್ರಾಂತಿಯ ಹೊತ್ತಿಗೆ ಶಿವಗಂಗೆಯಲ್ಲಿ ಸೇರುವ ದನಗಳ ಜಾತ್ರೆಗೆ ಬಂದಿದ್ದ ಪಶುವೈದ್ಯ ವಿದ್ಯಾರ್ಥಿಗಳಿಗೆ ಕುದುರೆಗಳ ಶಸ್ತ್ರವೈದ್ಯರೊಬ್ಬರು ಆಡಿದ ಮಾತುಗಳು.)

ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಎತ್ತಿನ ವ್ಯಾಪಾರ ನೋಡಿದಿರಲ್ಲ? ಇಬ್ಬರು ಕೈಮೇಲೆ ಟವೆಲ್ ಹೊದಿಸಿ, ಒಳಗೊಳಗೇ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದರು. ಸುತ್ತ ಹತ್ತು ಜನ ನಿಂತಿದ್ದರೂ ಬೆಲೆ ಎಷ್ಟೆಂದು ಒಬ್ಬರಿಗೂ ತಿಳಿಯಲಿಲ್ಲ. ಹತ್ತು ಜನರೆದುರು ಬೆಲೆ ಹೇಳದ ರೈತ, ಅದೇ ಹತ್ತು ಜನರೆದುರು ಎತ್ತಿನ ಕಾಯಿಲೆ ಹೇಳುತ್ತಾನೆಯೇ? ಅದೂ ಮಾರಲು ತಂದ ಎತ್ತು! ಆದರೂ ನಾವು ಪುಸ್ತಕ ಹಿಡಿದು ಎಲ್ಲರೆದುರೇ ಕೇಳುತ್ತೇವೆ. ‘ಏನಿಲ್ಲ ಸಾರ್, ಸ್ವಲ್ಪ ಮೇವು ಕಮ್ಮಿ ಮಾಡಿದೆ’ ಎನ್ನುತ್ತಾನೆ. ಅದನ್ನೇ ಬರೆದುಕೊಳ್ಳುತ್ತೇವೆ.

ಇದನ್ನು ನಾನು ಕಲಿತದ್ದು ಒಂದು ಕುದುರೆಯನ್ನು ಸಾಯಗೊಟ್ಟು. ಕೆಲಸಕ್ಕೆ ಸೇರಿದ ಹೊಸತು. ಹೊಟ್ಟೆನೋವಿನಿಂದ ಹೊರಳಾಡುತ್ತಿದ್ದ ಕುದುರೆ. ಅದನ್ನು ನೋಡಿಕೊಳ್ಳುವ ಹುಡುಗನನ್ನು ‘ರಾತ್ರಿ ಏನು ಹಾಕಿದ್ದೆ?’ ಎಂದೆ. ಪಕ್ಕದಲ್ಲೇ ಯಜಮಾನರು ನಿಂತಿದ್ದರು. ‘ದಿನಾ ಹಾಕೋದೇ ಸಾರ್’ ಎಂದ. ನೋವಿಗೆ ಇಂಜೆಕ್ಷನ್ ಕೊಟ್ಟು, ಸಂಜೆ ಬರುತ್ತೇನೆಂದು ಹೊರಟುಬಿಟ್ಟೆ. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಚಿಕ್ಕದು. ಕುದುರೆ ವಾಂತಿ ಮಾಡಲಾರದು. ಕಾಳು ಉಬ್ಬಿ ಹುಳಿತರೆ ಒಳಗಿನ ಒತ್ತಡಕ್ಕೆ ಹೊರದಾರಿಯೇ ಇಲ್ಲ. ಮೂಗಿನಿಂದ ಕೊಳವೆ ಇಳಿಸಿ ಅದನ್ನು ಹೊರಬಿಡಬೇಕು. ನಾನು ಇಳಿಸಲಿಲ್ಲ. ಸಂಜೆಯೊಳಗೆ ಜಠರ ಒಡೆದು ಕುದುರೆ ಸತ್ತಿತ್ತು. ಲಾಯದ ಹಿಂದೆ ಹುಡುಗ ಅಳುತ್ತಾ ಹೇಳಿದ: ‘ರಾತ್ರಿ ಹಗ್ಗ ಬಿಚ್ಕೊಂಡು ಹುರುಳಿ ಮೂಟೆಗೇ ಬಾಯಿ ಹಾಕಿತ್ತು ಸಾರ್. ಯಜಮಾನ್ರ ಮುಂದೆ ಹೆಂಗೆ ಹೇಳ್ಲಿ?’

ಅವನ ಕೆಲಸ ಹೋಗುತ್ತಿತ್ತು. ನಾನು ಕೇಳಿದ ಪ್ರಶ್ನೆ ಸರಿ. ಕೇಳಿದ ಜಾಗ ತಪ್ಪು. ಈಗ ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸು ಎಂಬ ನೆಪದಲ್ಲಿ ನೋಡಿಕೊಳ್ಳುವವನನ್ನು ಆಚೆ ಕರೆದೊಯ್ಯುತ್ತೇನೆ.

ಹಳ್ಳಿಮನೆಯಲ್ಲೂ ಇದೇ. ಉತ್ತರ ಹೇಳುವವನು ಜಗಲಿಯ ಮೇಲಿನ ಗಂಡಸು. ಹುಲ್ಲು ಹಾಕಿ, ಸಗಣಿ ಬಾಚಿ, ಹಾಲು ಕರೆಯುವವಳು ಬಾಗಿಲ ಹಿಂದೆ. ಹಸು ಮೆಲುಕು ಹಾಕಿದ್ದು ಯಾವಾಗ ನಿಂತಿತೆಂದು ಗೊತ್ತಿರುವುದು ಅವಳಿಗೆ. ‘ನೀವು ಹೇಳಿ ಅಮ್ಮ’ ಎನ್ನಲು ನಮಗೇನು ಖರ್ಚು?

ಇಂಗ್ಲೆಂಡ್, ಕೆನಡಾದ ಪಶುವೈದ್ಯ ಕಾಲೇಜುಗಳಲ್ಲಿ ನಟರನ್ನು ಪ್ರಾಣಿಗಳ ಮಾಲೀಕರಂತೆ ಕೂರಿಸಿ ವಿದ್ಯಾರ್ಥಿಗಳಿಗೆ ಮಾತು ಕಲಿಸುತ್ತಾರೆ. ಒಳ್ಳೆಯ ಪದ್ಧತಿ. ನಮಗೆ ನಟರ ಖರ್ಚಿಲ್ಲ, ಜಾತ್ರೆಯೇ ಇದೆ. ಆದರೆ ನಮ್ಮ ತೊಡಕು ಬೇರೆ: ರೋಗವನ್ನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ವಿಚಾರಿಸಬೇಕು. ಚಾಲುಕ್ಯರ ಕೀರ್ತಿವರ್ಮ 12ನೇ ಶತಮಾನದ ಹೊತ್ತಿಗೇ ‘ಗೋವೈದ್ಯ’ವನ್ನು ಕನ್ನಡದಲ್ಲಿ ಬರೆದಿದ್ದ. ನಾವೋ ‘ಅಪೆಟೈಟ್ ಹೇಗಿದೆ?’ ಎಂದು ಅಜ್ಜನ ಮುಖ ನೋಡುತ್ತೇವೆ!

ಇನ್ನೊಂದು, ಉಳಿಯದ ಪ್ರಾಣಿಯ ಬಗ್ಗೆ ‘ನೋಡೋಣ’ ಎನ್ನಬೇಡಿ. ಆ ಒಂದು ಮಾತಿಗೆ ರೈತ ಸಾಲ ಮಾಡಿ ಔಷಧಿ ತರುತ್ತಾನೆ. ಉಳಿಯುವುದಿಲ್ಲವೆಂದು ಹೇಳಿ, ಸ್ವಲ್ಪ ಹೊತ್ತು ಅವನ ಪಕ್ಕದಲ್ಲೇ ಕೂತಿರಿ. ನನಗೆ ಇಂದಿಗೂ ಕಷ್ಟವೆನಿಸುವುದು ಹೀಗೆ ಕೂರುವುದೇ.

ಅಗೋ, ಆ ಮರದಡಿ ಒಂದು ಜೋಡಿ ಹಳ್ಳಿಕಾರ್ ಎತ್ತುಗಳಿವೆ. ಎಡಗಡೆಯದು ಹುಲ್ಲು ಮೂಸಿ ಬಿಡುತ್ತಿದೆ. ಇಬ್ಬರು ಹೋಗಿ ಬನ್ನಿ, ಸಾಕು. ಪುಸ್ತಕ ಇಲ್ಲೇ ಇರಲಿ.