ತಿದ್ದಿದ ಭತ್ತ, ತಿಳಿಯುವ ಹಕ್ಕು



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಬೇಸಾಯಗಾರರು ಕಯಮೆ, ಅತಿಕಾರದಂಥ ಭತ್ತದ ಬೀಜವನ್ನು ಬೈಹುಲ್ಲಿನ ಮುಡಿ ಕಟ್ಟಿ ಕಾಪಾಡಿದವರು. ಬಿತ್ತುವುದೇನೆಂದು ಅವರಿಗೆ ತಿಳಿದಿತ್ತು.

2010ರ ಫೆಬ್ರವರಿಯಲ್ಲಿ ಬಿ.ಟಿ. ಬದನೆಯನ್ನು ತಡೆಹಿಡಿಯುವ ಮುನ್ನ ಕೇಂದ್ರ ಸಚಿವರು ಬೆಂಗಳೂರು ಸೇರಿದಂತೆ ಏಳು ನಗರಗಳಲ್ಲಿ ಜನರ ಅಹವಾಲು ಆಲಿಸಿದ್ದರು. ಆದರೆ 2022ರ ಮಾರ್ಚ್ 30ರ ಆದೇಶವು, ಅನ್ಯಜೀವಿಯ ವಂಶವಾಹಿ ಉಳಿಯದ ಜೀನ್ ತಿದ್ದುಪಡಿಯ ಸಸ್ಯಗಳನ್ನು 1989ರ ನಿಯಮಗಳ ಮುಖ್ಯ ಕಟ್ಟಳೆಗಳಿಂದ ಬಿಡಿಸಿತು. 2025ರ ಮೇ 4ರಂದು, ಸಾಂಬಾ ಮಸೂರಿಯಿಂದ ರೂಪಿಸಿದ ‘ಕಮಲಾ’ ಸೇರಿ ಎರಡು ಭತ್ತದ ತಳಿಗಳು ಪ್ರಕಟವಾದವು.

ಇಂಥ ಸೂಕ್ಷ್ಮ ಬದಲಾವಣೆ ನಿಸರ್ಗದಲ್ಲೂ ಸಂಭವಿಸೀತು. ಆದುದರಿಂದಲೇ ಅಕ್ಕಿಯಾದ ಮೇಲೆ ಅದನ್ನು ಗುರುತಿಸುವುದು ಕಷ್ಟ. ಗುರುತು ಬೀಜದ ಚೀಲದಲ್ಲೇ ಆರಂಭವಾಗಿ, ಗಿರಣಿ ದಾಟಿ, ಅಂಗಡಿಯ ಗೋಣಿಯವರೆಗೆ ಉಳಿಯಬೇಕು. ಸುರಕ್ಷತಾ ಪರೀಕ್ಷೆಯ ವರದಿ ಕನ್ನಡದಲ್ಲಿ ಗ್ರಾಮಸಭೆಗೆ ಬರಬೇಕು. ಬೇಕೆನ್ನಲೂ ಬೇಡವೆನ್ನಲೂ ಮೊದಲು ತಿಳಿದಿರಬೇಕು.