ಬಿದ್ದ ವಿಮಾನಗಳ ಲೆಕ್ಕ

(ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಅಂಗಡಿ ನಡೆಸುವವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಕೊಟ್ಟವನ ಖಾತೆ, ಕೊಂಡವನ ಖಾತೆ ಎರಡನ್ನೂ ಎದುರುಬದುರು ಇಟ್ಟು ನೋಡುವ ತನಕ ಲೆಕ್ಕ ಚುಕ್ತಾ ಆಗುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ರಾತ್ರಿ ಆಕಾಶದಲ್ಲಿ ನಡೆದ ಕಾಳಗಕ್ಕೂ ಇಂಥ ಎರಡು ಖಾತೆಗಳಿವೆ. ಜರ್ಮನರ ಖಾತೆ 'ಹೊಡೆದುರುಳಿಸಿದೆವು' ಎನ್ನುತ್ತದೆ. ಬ್ರಿಟಿಷರ ಖಾತೆ 'ಹಿಂತಿರುಗಲಿಲ್ಲ' ಎನ್ನುತ್ತದೆ. ಯುದ್ಧ ಮುಗಿದು ಎಂಬತ್ತು ವರ್ಷ ದಾಟಿದರೂ ಈ ಎರಡನ್ನು ಸಾಲಿಗೆ ಸಾಲು ತಾಳೆ ನೋಡುವ ಕೆಲಸವನ್ನು ಸಂಶೋಧಕರು ಬಿಟ್ಟಿಲ್ಲ. ಸತ್ತವರ ಲೆಕ್ಕ ಈಗೇಕೆ ಎಂದು ಕೆಲವರು ಕೇಳಬಹುದು. ಅದಕ್ಕೇ ಇಂದು ಉತ್ತರ ಹೇಳಬೇಕೆಂದಿದ್ದೇವೆ.

ಮೊದಲು ನಡೆದದ್ದೇನು ನೋಡೋಣ. ಯುದ್ಧದ ಆರಂಭದಲ್ಲಿ ಬ್ರಿಟಿಷ್ ಬಾಂಬರುಗಳು ಹಗಲಿನಲ್ಲೇ ಹೋಗುತ್ತಿದ್ದವು. 1939ರ ಡಿಸೆಂಬರ್ 18ರಂದು ಜರ್ಮನಿಯ ಕರಾವಳಿಯ ಮೇಲೆ ಹೋದ 22 ವಿಮಾನಗಳಲ್ಲಿ 12 ಬಿದ್ದುವು. ಅಲ್ಲಿಂದಾಚೆಗೆ ಕತ್ತಲಿನ ಮರೆ ಹಿಡಿದರು. ಜರ್ಮನರೂ ಸುಮ್ಮನಿರಲಿಲ್ಲ. 1940ರಲ್ಲಿ ಕಾಮ್‌ಹೂಬರ್ ಎಂಬ ಸೇನಾನಿ ರಾತ್ರಿ ಕಾವಲಿನ ಪಡೆ ಕಟ್ಟಿದ. ಆಕಾಶವನ್ನು ಹೊಲದ ಮಡಿಗಳಂತೆ ಭಾಗ ಮಾಡಿ, ಒಂದೊಂದು ಭಾಗಕ್ಕೂ ನೆಲದ ಮೇಲೆ ರಾಡಾರ್ ಇಟ್ಟು, ಕಾದಾಟದ ವಿಮಾನವನ್ನು ರೇಡಿಯೋ ಮಾತಿನಿಂದ ಬೇಟೆಯ ಬೆನ್ನಿಗೆ ಕರೆದೊಯ್ಯುವ ಏರ್ಪಾಡು ಅದು.

ಬ್ರಿಟಿಷ್ ಬಾಂಬರ್ ಪಡೆಯಲ್ಲಿ ಹಾರಿದವರು ಸುಮಾರು 1,25,000 ಮಂದಿ. ಎಲ್ಲರೂ ತಾವಾಗಿ ಮುಂದೆ ಬಂದವರೇ. ಅವರಲ್ಲಿ ಸತ್ತವರು 55,573. 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್ ನಗರಕ್ಕೆ 795 ವಿಮಾನಗಳು ಹೊರಟುವು. ಬೆಳುದಿಂಗಳ ರಾತ್ರಿ, ದಾರಿಯೋ ಉದ್ದ. 95 ವಿಮಾನಗಳು ಮರಳಿ ಬರಲಿಲ್ಲ.

ಒಬ್ಬೊಬ್ಬನೂ 30 ಬಾರಿ ಹೋಗಿ ಬಂದರೆ ಒಂದು ಸರದಿ ಮುಗಿಯುತ್ತಿತ್ತು. ಒಂದು ಹೋಗಿಬರುವಿಕೆಯಲ್ಲಿ ನೂರಕ್ಕೆ ನಾಲ್ಕು ನಷ್ಟ ಎಂದಿಟ್ಟುಕೊಳ್ಳಿ. ನಾಲ್ಕು ತಾನೇ ಎನ್ನಿಸುತ್ತದೆ. ಉಳಿದ 96ರಲ್ಲಿ ಮತ್ತೆ ನೂರಕ್ಕೆ ನಾಲ್ಕು, ಉಳಿದದ್ದರಲ್ಲಿ ಮತ್ತೆ ನಾಲ್ಕು, ಹೀಗೆ 30 ಸಲ ಕಳೆಯುತ್ತ ಹೋಗಿ. ಕೊನೆಗೆ ನಿಲ್ಲುವವರು 29 ಮಂದಿ. ಕಚೇರಿಯ ಕಾಗದದ ಮೇಲೆ 'ಶೇಕಡಾ ನಾಲ್ಕು' ಎಂದು ಬರೆದವನಿಗೆ ಅದು ಸಣ್ಣ ಅಂಕಿ. ಹಾರಿದವನಿಗೆ ಅದೇ ಇಡೀ ಆಯುಷ್ಯ.

ಆ ಕಚೇರಿಯಲ್ಲಿ ನಷ್ಟದ ಲೆಕ್ಕ ನೋಡುತ್ತಿದ್ದವರಲ್ಲಿ ಫ್ರೀಮನ್ ಡೈಸನ್ ಎಂಬ ಇಪ್ಪತ್ತು ತುಂಬದ ತರುಣ ಒಬ್ಬ. ಮುಂದೆ ದೊಡ್ಡ ವಿಜ್ಞಾನಿ ಎನಿಸಿದವರು, 2020ರಲ್ಲಿ ತೀರಿಕೊಂಡರು. ಅನುಭವ ಹೆಚ್ಚಿದಷ್ಟೂ ಬದುಕುವ ಸಂಭವ ಹೆಚ್ಚು ಎಂದು ಮೇಲಿನವರು ಹುಡುಗರಿಗೆ ಹೇಳುತ್ತಿದ್ದರು. ಡೈಸನ್ ಅಂಕಿಗಳನ್ನು ತೂಗಿ ನೋಡಿದರೆ ಆ ಮಾತು ನಿಲ್ಲಲಿಲ್ಲ. ಹೊಸಬನೂ ಹಳಬನೂ ಒಂದೇ ಪ್ರಮಾಣದಲ್ಲಿ ಬೀಳುತ್ತಿದ್ದರು. ಕಾರಣ ಆಗ ಅವರಿಗೆ ಹೊಳೆಯಲಿಲ್ಲ.

ಕಾರಣ ವಿಮಾನದ ಹೊಟ್ಟೆಯ ಕೆಳಗಿತ್ತು. 1943ರಿಂದ ಜರ್ಮನರು ತಮ್ಮ ವಿಮಾನಗಳಲ್ಲಿ ಮೇಲ್ಮುಖವಾಗಿ ಓರೆಯಾಗಿ ತೋಪು ಕೂರಿಸಿದ್ದರು. ಕೆಳಗಿನ ಕತ್ತಲಿನಲ್ಲಿ ನುಸುಳಿ ಬಂದು, ರೆಕ್ಕೆಯ ಪೆಟ್ರೋಲ್ ತೊಟ್ಟಿಗೆ ಗುರಿಯಿಟ್ಟು ಹೊಡೆಯುತ್ತಿದ್ದರು. ಗುಂಡಿನ ದಾರಿ ಬೆಳಗಿ ಕಾಣದಂಥ ಮದ್ದು. ಬಾಂಬರಿನ ಬಂದೂಕುಗಳು ಹಿಂದಕ್ಕೂ ಮೇಲಕ್ಕೂ ನೋಡುತ್ತಿದ್ದವೇ ಹೊರತು ಕೆಳಕ್ಕೆ ನೋಡುವವು ಬಹಳ ಕಡಿಮೆ. ಕಣ್ಣಿಗೆ ಕಾಣದ ಹೊಡೆತದ ಮುಂದೆ ಅನುಭವ ಏನು ಮಾಡೀತು? ಕಂಡವರು ಹೆಚ್ಚಾಗಿ ಹೇಳಲು ಉಳಿಯಲಿಲ್ಲ. ಉಳಿದವರು ಶತ್ರುವಿನ ಸೆರೆಯಲ್ಲಿದ್ದರು.

ಆಕಾಶದಲ್ಲಿ ಫಕ್ಕನೆ ಉರಿದು ಚೂರಾದದ್ದನ್ನು ಪಕ್ಕದ ವಿಮಾನದವರು ಕಣ್ಣಾರೆ ನೋಡುತ್ತಿದ್ದರು. ಬಂದು ಹೇಳಿದಾಗ ಸಿಕ್ಕ ಉತ್ತರ: ಅದು ವಿಮಾನವಲ್ಲ, ನಿಮ್ಮನ್ನು ಹೆದರಿಸಲು ಜರ್ಮನರು ಹಾರಿಸುವ ಬೆದರುಗುಂಡು. ಯುದ್ಧ ಮುಗಿದ ಮೇಲೆ ಹುಡುಕಿದರೆ ಜರ್ಮನರ ಬಳಿ ಅಂಥ ಗುಂಡೇ ಇರಲಿಲ್ಲ. ಉರಿದದ್ದು ಜೊತೆಗಾರರ ವಿಮಾನವೇ. ಎರಡು ಖಾತೆಗಳನ್ನು ತಾಳೆ ನೋಡದೆ ಈ ಸತ್ಯ ಹೊರಬರುತ್ತಿರಲಿಲ್ಲ.

ಇನ್ನೊಂದು ಸಂಗತಿ ಯಂತ್ರದೊಡನೆ ಕೆಲಸ ಮಾಡುವವರು ಮನಸ್ಸಿಟ್ಟು ಕೇಳಬೇಕು. ಲ್ಯಾಂಕಾಸ್ಟರ್ ಎಂಬ ವಿಮಾನದಿಂದ ಪ್ಯಾರಾಶೂಟ್ ಕಟ್ಟಿಕೊಂಡು ಧುಮುಕುವ ಕಿಂಡಿಯ ಅಗಲ 22 ಅಂಗುಲ. ಹ್ಯಾಲಿಫ್ಯಾಕ್ಸ್ ಎಂಬ ಇನ್ನೊಂದರ ಕಿಂಡಿ 24 ಅಂಗುಲ. ಡೈಸನ್ ಬರೆದಿರುವಂತೆ, ಹೊಡೆತ ತಿಂದ ಹ್ಯಾಲಿಫ್ಯಾಕ್ಸಿನಿಂದ ನೂರಕ್ಕೆ ಸುಮಾರು 25 ಮಂದಿ ಜೀವಸಹಿತ ಪಾರಾದರೆ ಲ್ಯಾಂಕಾಸ್ಟರಿನಿಂದ ಪಾರಾದವರು 15 ಮಂದಿ ಮಾತ್ರ. ದಪ್ಪ ಉಡುಪಿನ ಮನುಷ್ಯನಿಗೆ ಆ ಎರಡು ಅಂಗುಲ ಎಷ್ಟು ದೊಡ್ಡದು ನೋಡಿ. ಕಿಂಡಿ ಅಗಲಿಸಿ ಎಂದು ಅವರ ಸಹೋದ್ಯೋಗಿಯೊಬ್ಬರು ಬಹುಕಾಲ ಹೋರಾಡಿದರು. ಫಲ ದೊರಕುವ ಹೊತ್ತಿಗೆ ಯುದ್ಧವೇ ಮುಗಿಯುತ್ತ ಬಂದಿತ್ತು.

ಇನ್ನು ಜರ್ಮನ್ ವೈಮಾನಿಕರ ಮಾತು. ಅವರಲ್ಲಿ ಎಲ್ಲರಿಗಿಂತ ಹೆಚ್ಚು ಲೆಕ್ಕವಿದ್ದವನು ಹೈನ್ಸ್ ವೂಲ್ಫ್‌ಗಾಂಗ್ ಷ್ನೌಫರ್, 121 ವಿಮಾನ. ಅವನ ವಿಮಾನದ ಬಾಲದ ಹಲಗೆಯ ಮೇಲೆ ಆ ಗುರುತುಗಳನ್ನು ಬರೆದಿದ್ದರು. ಆ ಹಲಗೆಗಳಲ್ಲಿ ಒಂದು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ, ಇನ್ನೊಂದು ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿದೆ. ಯುದ್ಧದಲ್ಲಿ ಸಾಯದ ಅವನು 1950ರಲ್ಲಿ ಫ್ರಾನ್ಸಿನ ರಸ್ತೆ ಅಪಘಾತವೊಂದರಲ್ಲಿ 28ನೆಯ ವಯಸ್ಸಿಗೇ ಸತ್ತ. ಇಂಥವರನ್ನು ಪುರಾಣದ ವೀರರಂತೆ ಹಾಡಿ ಹೊಗಳುವ ಪುಸ್ತಕಗಳು ಬಹಳ ಇವೆ. ನಮಗೆ ಅದು ಒಪ್ಪಿಗೆಯಿಲ್ಲ. ಅವರು ಹಾರಿದ್ದು ಹಿಟ್ಲರನ ಆಳ್ವಿಕೆಯ ಕಾವಲಿಗೆ. ಧೈರ್ಯವಿದ್ದ ಮಾತ್ರಕ್ಕೆ ಆ ಋಣ ತೀರುವುದಿಲ್ಲ.

ಒಳ್ಳೆಯ ಸಂಶೋಧಕರು ಹೊಗಳುವ ಕೆಲಸಕ್ಕೆ ಕೈಹಾಕುವುದಿಲ್ಲ. ಬಾಲದ ಮೇಲಿನ ಒಂದೊಂದು ಗುರುತನ್ನೂ ಹಿಡಿದು, ಎಷ್ಟು ಗಂಟೆಗೆ, ಯಾವ ಊರಿನ ಮೇಲೆ ಎಂದು ನೋಡುತ್ತಾರೆ. ಆ ರಾತ್ರಿ ಇಂಗ್ಲೆಂಡಿನಿಂದ ಹೊರಟು ಬಾರದ ವಿಮಾನಗಳ ಪಟ್ಟಿ ತೆಗೆಯುತ್ತಾರೆ. ಒಂದೇ ವಿಮಾನವನ್ನು ಇಬ್ಬರು ತಮ್ಮದೆಂದು ಬರೆಸಿಕೊಂಡದ್ದುಂಟು. ನೆಲದ ತೋಪಿನವರೂ ನಮ್ಮದೆಂದದ್ದುಂಟು. ಆಗ ಮೂರನೆಯ ಸಾಕ್ಷಿ ಬೇಕು. ಅದು ಹಳ್ಳಿಯ ಸ್ಮಶಾನದ ದಾಖಲೆ, ಹೊಲದಲ್ಲಿ ಸಿಕ್ಕ ಎಂಜಿನಿನ ಮೇಲಿನ ನಂಬರು. 1943ರ ಮಾರ್ಚಿನಲ್ಲಿ ಕಾಣೆಯಾದ ಒಂದು ಸ್ಟರ್ಲಿಂಗ್ ಬಾಂಬರನ್ನು ಹಾಲೆಂಡಿನ ಮಾರ್ಕರ್‌ಮೇರ್ ಸರೋವರದ ತಳದಿಂದ 2020ರಲ್ಲಿ ಎತ್ತಿದರು. ಅದರಲ್ಲಿದ್ದವರು ಏಳು ಮಂದಿ. 77 ವರ್ಷ 'ಹಿಂತಿರುಗಲಿಲ್ಲ' ಎಂದಷ್ಟೇ ಇದ್ದ ಸಾಲಿಗೆ ಅಂದು ಜಾಗ ಸಿಕ್ಕಿತು.

ಸ್ನೇಹಿತರೇ, ಇಷ್ಟಕ್ಕೆ ನಿಲ್ಲಿಸಿದರೆ ನಮ್ಮ ಲೆಕ್ಕವೂ ಅರೆಬರೆಯೇ. ಇನ್ನೊಂದು ಖಾತೆ ನೆಲದ ಮೇಲಿದೆ. ವಾರ್ಸಾ, ರಾಟರ್‌ಡ್ಯಾಂ, ಕವೆಂಟ್ರಿ ನಗರಗಳನ್ನು ಸುಟ್ಟವನು ಹಿಟ್ಲರ್, ನಿಜ. ಆದರೆ 1942ರ ಫೆಬ್ರವರಿ 14ರಂದು ಬ್ರಿಟಿಷ್ ಬಾಂಬರ್ ಪಡೆಗೆ ಬಂದ ಆಜ್ಞೆಯಲ್ಲಿ ಗುರಿಯೆಂದು ಹೇಳಿದ್ದೇನು? ಶತ್ರು ನಾಗರಿಕರ, ಅದರಲ್ಲೂ ಕೈಗಾರಿಕಾ ಕಾರ್ಮಿಕರ, ಎದೆಗಾರಿಕೆಯನ್ನು ಮುರಿಯುವುದು. 1943ರ ಜುಲೈ 27ರ ರಾತ್ರಿ ಹ್ಯಾಂಬರ್ಗಿನಲ್ಲಿ ಬೆಂಕಿಯ ಬಿರುಗಾಳಿ ಎದ್ದಾಗ ಎಲ್ಲಕ್ಕಿಂತ ಹೆಚ್ಚಾಗಿ ಉರಿದದ್ದು ಹ್ಯಾಮರ್‌ಬ್ರೂಕ್‌ನಂಥ ಕೂಲಿಕಾರರ ಕೇರಿಗಳು. ಆ ವಾರದ ದಾಳಿಗಳಲ್ಲಿ ಸತ್ತವರು 35,000ಕ್ಕೂ ಹೆಚ್ಚು. ಎಷ್ಟೋ ಹೆಣಗಳ ಗುರುತೇ ಸಿಗಲಿಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ಸತ್ತವರ ಲೆಕ್ಕ ಈಗೇಕೆ? ಅಂಕಿಯನ್ನು ಮೇಲಿನವರ ಕೈಗೇ ಬಿಟ್ಟರೆ ಅವರು ಅದನ್ನು ಸಣ್ಣದು ಮಾಡುತ್ತಾರೆ. ಉರಿದ ವಿಮಾನವನ್ನು ಬೆದರುಗುಂಡು ಎನ್ನುತ್ತಾರೆ. ಎರಡು ಅಂಗುಲ ಕಿಂಡಿಗೆ ವರ್ಷಗಟ್ಟಲೆ ಕಾಯಿಸುತ್ತಾರೆ. ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ಈಗ ಬಾಂಬರ್ ಪಡೆಯ ಸುಮಾರು 58,000 ಹೆಸರುಗಳನ್ನು ಒಂದೊಂದಾಗಿ ಗೋಡೆಗಳ ಮೇಲೆ ಕೊರೆದಿಟ್ಟಿದ್ದಾರೆ. ಅಧಿಕಾರ ಕೊಟ್ಟದ್ದು ಶೇಕಡಾವಾರು. ಸಂಶೋಧಕರು ಕಷ್ಟಪಟ್ಟು ಕೊಟ್ಟದ್ದು ಹೆಸರು. ಯಾವ ದೇಶದ ಯಾವ ಯುದ್ಧವೇ ಆಗಲಿ, 'ನಷ್ಟ ಅಲ್ಪ' ಎಂಬ ಮಾತು ಪತ್ರಿಕೆಯಲ್ಲಿ ಕಂಡಾಗ, ಆ ಅಲ್ಪದಲ್ಲಿ ಯಾರ್‍ಯಾರು ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಲಿ.