ನೀರು ಹೋಗುವ ದಾರಿಯ ನಕಾಶೆ

(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಹಗಲೆಲ್ಲ ದುಡಿದು ಬಂದಿರುವ ತಮ್ಮ ಹೊತ್ತನ್ನು ಹೆಚ್ಚು ತೆಗೆದುಕೊಳ್ಳಲಾರೆ. ಗಣಕಯಂತ್ರದಲ್ಲಿ ನಕಾಶೆ ತಯಾರಿಸಿ, ಮಳೆಯ ನೀರು ಎತ್ತ ಹರಿದು ಎಲ್ಲಿ ನಿಲ್ಲುವುದೆಂದು ಲೆಕ್ಕ ಹಾಕುವುದು ನನ್ನ ಉದ್ಯೋಗ. ಅದರ ಬಗೆಗೆ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ.

೨೦೦೫ನೆಯ ಇಸವಿ ಜುಲೈ ೨೬ನೆಯ ತಾರೀಖನ್ನು ಮುಂಬಯಿಯಲ್ಲಿದ್ದವರು ಮರೆತಿಲ್ಲ. ರೈಲು ನಿಂತು, ನೀರಿನಲ್ಲಿ ಹಳಿಯ ಗುಂಟ ನಡೆದು ಮನೆ ಸೇರಿದವರು ಈ ಸಭೆಯಲ್ಲಿಯೂ ಇರಬಹುದು. ಅಂದು ಇಪ್ಪತ್ತನಾಲ್ಕು ತಾಸಿನಲ್ಲಿ ಸಾಂತಾಕ್ರೂಜದ ಮಳೆಮಾಪಕ ತೋರಿಸಿದ್ದು ೯೪೪ ಮಿಲಿಮೀಟರು. ಅಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು ದೂರದ ಕೊಲಾಬಾದಲ್ಲಿ ಸುಮಾರು ೭೪. ಒಂದೇ ಊರು, ಒಂದೇ ದಿನ! ದಕ್ಷಿಣದ ಕಚೇರಿಯಲ್ಲಿ ಕಡತ ನೋಡುತ್ತಿದ್ದ ಗುಮಾಸ್ತನಿಗೆ ಕುರ್ಲಾದಲ್ಲಿ ತನ್ನ ಹೆಂಡತಿ ಮಕ್ಕಳು ಅಟ್ಟ ಹತ್ತಿ ಕುಳಿತಿದ್ದಾರೆಂದು ಹೇಗೆ ತಿಳಿದೀತು? ‘ಮುಂಬಯಿಯಲ್ಲಿ ಮಳೆ ಎಷ್ಟು?’ ಎಂದು ಕೇಳಿ ಪ್ರಯೋಜನವಿಲ್ಲ; ಯಾವ ಓಣಿಯಲ್ಲಿ ಎಂದು ಕೇಳಬೇಕು.

ವಿಹಾರ ಮತ್ತು ಪವಯಿ ಕೆರೆಗಳ ಕೋಡಿಯಿಂದ ಹೊರಟ ಮೀಠಿ ನದಿ ಸುಮಾರು ಹದಿನೆಂಟು ಕಿಲೋಮೀಟರು ಹರಿದು ಮಾಹಿಮದ ಬಳಿ ಕಡಲು ಸೇರುತ್ತದೆ. ಕಡಲಿನಲ್ಲಿ ಭರತವಿದ್ದಾಗ ನದಿಯ ನೀರು ಮುಂದೆ ಹೋಗದೆ ಹಿಂದಕ್ಕೆ ಒತ್ತುತ್ತದೆ. ಆದುದರಿಂದ ಮಳೆ, ನೆಲದ ಎತ್ತರ, ನಾಲೆ, ಭರತ ಇಷ್ಟನ್ನೂ ಒಂದರ ಮೇಲೊಂದು ಇಟ್ಟು ನೋಡಬೇಕು. ಹೀಗೆ ನಕಾಶೆಗಳನ್ನು ಪದರ ಪದರವಾಗಿ ಗಣಕಯಂತ್ರದಲ್ಲಿ ಹೊಂದಿಸುವ ವಿದ್ಯೆಯನ್ನು ೧೯೬೦ರ ದಶಕದಲ್ಲಿ ಕೆನಡಾ ದೇಶದ ಭೂಮಿಯ ಲೆಕ್ಕಕ್ಕಾಗಿ ಮೊದಲು ಕಟ್ಟಿದವರು ರೋಜರ್ ಟಾಮ್ಲಿನ್‌ಸನ್ ಎಂಬವರು.

ಕೆಲಸದ ರೀತಿ ಸರಳ. ಊರನ್ನೆಲ್ಲ ಚದುರಂಗದ ಹಾಸಿನಂತೆ ಮನೆಗಳಾಗಿ ವಿಂಗಡಿಸುತ್ತೇವೆ. ಪ್ರತಿ ಮನೆಗೂ ಒಂದು ಎತ್ತರ. ಒಂದು ಮನೆಯ ನೀರು ಸುತ್ತಲಿನ ಎಂಟು ಮನೆಗಳ ಪೈಕಿ ಯಾವುದರ ಕಡೆಗೆ ಇಳಿಜಾರು ಹೆಚ್ಚೋ ಅದಕ್ಕೆ ಹೋಗುತ್ತದೆ. ಗದ್ದೆಗೆ ನೀರು ಕಟ್ಟಿದ ನಮ್ಮ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಯಂತ್ರಕ್ಕೆ ಮಾತ್ರ ಕಲಿಸಬೇಕು.

ತೊಡಕೆಲ್ಲ ಆ ಎತ್ತರದಲ್ಲಿದೆ. ೨೦೦೦ದ ಫೆಬ್ರುವರಿಯಲ್ಲಿ ಅಮೆರಿಕದವರ ಆಕಾಶನೌಕೆಯೊಂದು ಹನ್ನೊಂದು ದಿನ ಸುತ್ತಿ ಭೂಮಿಯ ಬಹುಭಾಗದ ಎತ್ತರವನ್ನು ರಾಡಾರಿನಿಂದ ಅಳೆಯಿತು. ಆ ಲೆಕ್ಕ ಈಗ ಪುಕ್ಕಟೆ ಸಿಗುತ್ತದೆ. ನಾನೂ ಅದನ್ನೇ ನಂಬಿ ನಕಾಶೆ ಮಾಡಿ, ನದಿಯ ಹತ್ತಿರದ ಒಂದು ಚಾಳಿಗೆ ಹೋದೆ. ಅಲ್ಲಿ ಹೊಟೇಲಿನಲ್ಲಿ ದುಡಿದು ಮುದುಕರಾದ ನಮ್ಮ ಕಡೆಯವರೊಬ್ಬರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, “ನಿಮ್ಮ ಚಿತ್ರದಲ್ಲಿ ನಾನು ಮುಳುಗಲೇ ಇಲ್ಲವಲ್ಲ ಮಾರಾಯ್ರೇ!” ಎಂದರು. ಬಾಗಿಲ ಚೌಕಟ್ಟಿನಲ್ಲಿ ನನ್ನ ಭುಜದ ಮಟ್ಟಕ್ಕೆ ಒಂದು ಗೆರೆ ಇತ್ತು. ಪ್ರವಾಹ ಇಳಿದ ಮೇಲೆ ಅವರೇ ಮೊಳೆಯಿಂದ ಗೀಚಿದ್ದು.

ನನಗೆ ನಾಚಿಕೆಯಾಯಿತು. ಆಮೇಲೆ ಕಾರಣ ತಿಳಿಯಿತು. ಪಕ್ಕದಲ್ಲಿ ದೊಡ್ಡ ಗೋದಾಮು. ರಾಡಾರಿನ ಕಣ್ಣಿಗೆ ಬಿದ್ದದ್ದು ಅದರ ಮಾಡು, ನೆಲವಲ್ಲ. ಮೂವತ್ತು ಮೀಟರಿನ ಒಂದು ಚೌಕದಲ್ಲಿ ಗೋದಾಮು, ಚಾಳು ಎರಡೂ ಸೇರಿ, ನನ್ನ ಯಂತ್ರದಲ್ಲಿ ಆ ತಗ್ಗು ದಿಬ್ಬವಾಗಿತ್ತು. ನೆಲವನ್ನು ಮತ್ತೆ ಅಳೆದು ತಿದ್ದಿದಾಗ ನೀರು ಮುದುಕರ ಗೆರೆಯ ಹತ್ತಿರಕ್ಕೆ ಬಂತು.

೨೦೨೦ರ ಜೂನಿನಲ್ಲಿ ಕೇಂದ್ರದ ಭೂವಿಜ್ಞಾನ ಸಚಿವಾಲಯವೂ ಮುಂಬಯಿ ಮಹಾನಗರಪಾಲಿಕೆಯೂ ಸೇರಿ, ನೆರೆಯ ಮುನ್ಸೂಚನೆ ಕೊಡುವ ವ್ಯವಸ್ಥೆಯೊಂದನ್ನು ಆರಂಭಿಸಿದವು. ಒಳ್ಳೆಯದೇ. ಆದರೆ ಯಾವ ಲೆಕ್ಕವನ್ನಾದರೂ ಸರಿಯೋ ತಪ್ಪೋ ಎಂದು ಒರೆಗೆ ಹಚ್ಚಲು ಇಂಥ ಗೆರೆಗಳೇ ಬೇಕು.

ಆ ಚಾಳಿನಲ್ಲಿಯೇ ಒಬ್ಬ ತರುಣ ಕೇಳಿದ: “ಸರ್, ಇಲ್ಲಿ ನೀರು ಬರುತ್ತದೆಂದು ನೀವು ಬರೆದುಕೊಟ್ಟರೆ ನಾಳೆ ನಮ್ಮನ್ನು ಎಬ್ಬಿಸುವುದಿಲ್ಲವೇ?” ಪ್ರಶ್ನೆ ನ್ಯಾಯವಾದದ್ದು. ೨೦೦೫ರ ತರುವಾಯ ನದಿಯನ್ನು ಅಗಲ ಮಾಡುವಾಗ ದಂಡೆಯ ಗುಡಿಸಲುಗಳು ಹೋದದ್ದು ಸುಳ್ಳಲ್ಲ. ಎಬ್ಬಿಸುವುದಿಲ್ಲವೆಂದು ಭರವಸೆ ಕೊಡುವ ಅಧಿಕಾರ ನನಗಿಲ್ಲ, ಹಾಗೆಂದೇ ಅವನಿಗೆ ಹೇಳಿದೆ. ಮುಳುಗುವುದಿಲ್ಲವೆಂದು ನಕಾಶೆ ಹೇಳುವ ಓಣಿಗೆ ಎಚ್ಚರಿಕೆಯೂ ಬರುವುದಿಲ್ಲ, ಪಂಪೂ ಬರುವುದಿಲ್ಲವೆಂದೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಕೋಣೆಯ ಗೋಡೆ ತೋರಿಸಲು ಕರೆದುಕೊಂಡು ಹೋದ.

ಪತ್ರಿಕೆಗಳ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇನೆ. ಓಣಿ, ತಾರೀಖು, ನೀರು ಏರಿದ ಹೊತ್ತು, ಇಳಿದ ಹೊತ್ತು, ಹೊಸ್ತಿಲಿನಿಂದ ಎಷ್ಟು ಎತ್ತರ ಎಂಬುದನ್ನು ಬರೆಯಿರಿ. ಗೇಣಿನ ಲೆಕ್ಕವಾದರೂ ಸರಿ. ಹೆಸರು ಬೇಡ, ಕೋಣೆಯ ನಂಬರೂ ಬೇಡ. ಬರೆಯಲು ಬಾರದವರು ಹೇಳಿದರೆ ನಾನು ಬರೆದುಕೊಳ್ಳುತ್ತೇನೆ. ಬಾಗಿಲು ಹಾಕುವ ತನಕ ಇಲ್ಲಿಯೇ ಇರುತ್ತೇನೆ.